ಮರೆವಿನ ಮುಪ್ಪು ಮತ್ತು ಆರೈಕೆಯ ಮನೆಗಳು: ದಕ್ಷಿಣ ಬೆಂಗಳೂರನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧

ಬೆಂಗಳೂರಿನ ಹನುಮಂತನಗರವು ಗುಡ್ಡಗಳ ಆಸರೆಯಲ್ಲಿ ಬೆಳೆದ ಬಡಾವಣೆ. ಒಂದರ ಮೇಲೆ ರಾಮಾಂಜನೇಯನ ಗುಡಿಯಿದ್ದರೆ ಮತ್ತೊಂದರ ಮೇಲೆ ಕುಮಾರಸ್ವಾಮಿಯ ಗುಡಿಯಿದೆ. ಪಕ್ಕದಲ್ಲಿಯೇ ಗವಿಪುರದ ಗಂಗಾಧರೇಶ್ವರ. ಸ್ವಲ್ಪ ದೂರದಲ್ಲಿ ಬಸವನಗುಡಿಯ ದೊಡ್ಡ ಬಸವ. ಈ ಭಾಗದ ಅಡ್ಡರಸ್ತೆಗಳಲ್ಲಿಯೂ ಇದನ್ನು ಸುತ್ತುವರಿದ ಬನಶಂಕರಿ, ಜಯನಗರ, ಜೆ. ಪಿ. ನಗರಗಳಲ್ಲಿಯೂ ನಡೆದುಹೋಗುವವರಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದು ಕಾಲಕ್ಕೆ ಒಂದು ಕುಟುಂಬ ವಾಸಿಸುತ್ತಿದ್ದ ಮನೆಯ ಕಾಂಪೌಂಡಿಗೆ ಹಿರಿಯ ನಾಗರಿಕರ ಆರೈಕೆ ಕೇಂದ್ರವೆಂಬ ಹೆಸರು ತೂಗುಹಾಕಿರುತ್ತದೆ. ಗೇಟಿಗೆ ಒಳಗಿನಿಂದ ಬೀಗ. ಜಗಲಿಯಲ್ಲಿ ನಾಲ್ಕಾರು ಪ್ಲಾಸ್ಟಿಕ್ ಕುರ್ಚಿಗಳು. ಅವುಗಳಲ್ಲಿ ಬೀದಿಯ ಕಡೆಗೆ ಮುಖಮಾಡಿ ಕುಳಿತ ಮುದುಕರು, ಮುದುಕಿಯರು.

ಇವರಲ್ಲಿ ಹಲವರು ಡಿಮೆನ್ಷಿಯ ಎಂದು ವೈದ್ಯರು ಕರೆಯುವ ಕಾಯಿಲೆಗೆ ಗುರಿಯಾದವರು. ನೆನಪು ಮೊದಲು ಹೋಗುತ್ತದೆ. ಬಳಿಕ ಹೊತ್ತು, ದಿಕ್ಕು, ಮಾತು, ಕಡೆಗೆ ಸ್ವಂತ ಮಕ್ಕಳ ಗುರುತು. ಇಂತಹವರು ಇಂತಹ ಮನೆಗಳಲ್ಲಿ ಹೇಗೆ ಬಾಳುತ್ತಿದ್ದಾರೆ, ಅವರ ಬಾಳು ಒಳ್ಳೆಯದೆಂದು ನಿರ್ಣಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ವೈದ್ಯರೂ ಸಮಾಜಸೇವಕರೂ ಈಗಾಗಲೇ ವಿಚಾರಮಾಡಿರುವರು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಎರಡು ಕೆಲಸಗಳುಂಟೆಂದು ನಮ್ಮ ಅಭಿಪ್ರಾಯ. ಈ ಮನೆಗಳು ಯಾವ ದಾರಿಯಿಂದ ನಮ್ಮ ನಡುವೆ ಬಂದವು ಎಂಬುದನ್ನು ಗೊತ್ತುಮಾಡುವುದು ಮೊದಲನೆಯದು. ತನ್ನ ಗತಕಾಲವನ್ನು ತಾನೇ ಹೇಳಲಾರದ ಮನುಷ್ಯನಿಗೆ ಇತಿಹಾಸಕಾರನ ಹತ್ಯಾರುಗಳಿಂದ ಏನಾದರೂ ಉಪಕಾರವಾದೀತೇ ಎಂದು ನೋಡುವುದು ಎರಡನೆಯದು. ಪ್ರಸ್ತುತ ಲೇಖನವು ಈ ಎರಡಕ್ಕೆ ಮಾತ್ರ ಸೀಮಿತವಾದುದು. ರೋಗದ ಚಿಕಿತ್ಸೆಯನ್ನು ಕುರಿತು ಹೇಳುವ ಅಧಿಕಾರ ನಮಗಿಲ್ಲ.

೨

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ ಈ ಅವಸ್ಥೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಪದ ‘ಅರಳುಮರಳು’. ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ಅರಿಯದ ಮನೆಯಿಲ್ಲ. ಬೇಂದ್ರೆಯವರು ಇದೇ ಪದವನ್ನು ಒಡೆದು, ಅರಳುವುದು ಮತ್ತು ಮರಳುವುದು ಎಂಬ ಅರ್ಥ ಹೊಳೆಯುವಂತೆ ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟರು. ಆ ಸಂಗ್ರಹಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ಪದದಲ್ಲಿ ಒಂದು ಬಗೆಯ ಮಾರ್ದವತೆ ಇರುವುದು ನಿಜ. ಅರಳುಮರಳಾದವರನ್ನು ಯಾರೂ ಹುಚ್ಚರೆನ್ನಲಿಲ್ಲ. ವಯಸ್ಸಾಯಿತು, ಹಾಗೆಯೇ ಎಂದು ಸುಮ್ಮನಾದರು. ಆದರೆ ಆ ಸುಮ್ಮನಿರುವಿಕೆಗೆ ಇನ್ನೊಂದು ಮುಖವೂ ಉಂಟು. ವಯಸ್ಸಿನ ಸಹಜಧರ್ಮವೆಂದು ಬಗೆದುದಕ್ಕೆ ವೈದ್ಯನನ್ನು ಕರೆಯಬೇಕೆಂದು ಯಾರಿಗೂ ತೋರುವುದಿಲ್ಲ. ಮರೆವಿನ ಜೊತೆಗೆ ಬಂದ ಖಿನ್ನತೆ, ಹಲ್ಲುನೋವು, ಕಿವುಡು, ಮೂತ್ರದ ಸೋಂಕು ಮೊದಲಾದ ಪರಿಹಾರವುಳ್ಳ ತೊಂದರೆಗಳೂ ಅದೇ ಒಂದು ಮಾತಿನ ಕೆಳಗೆ ಮುಚ್ಚಿಹೋಗುತ್ತವೆ.

ಪಶ್ಚಿಮದ ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಬಹಳ ಮುಂದೆ ಇದ್ದಿತೆಂದು ಹೇಳಲಾಗದು. ಜರ್ಮನಿಯ ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯನು ೧೯೦೧ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದ ಐವತ್ತೊಂದು ವರ್ಷದ ಒಬ್ಬ ಹೆಂಗಸನ್ನು ಪರೀಕ್ಷಿಸಿ, ಆಕೆಯ ಮರಣಾನಂತರ ಮೆದುಳಿನಲ್ಲಿ ಕಂಡ ಬದಲಾವಣೆಗಳನ್ನು ೧೯೦೬ರ ನವೆಂಬರಿನಲ್ಲಿ ಟ್ಯೂಬಿಂಗನ್ ನಗರದ ಸಭೆಯೊಂದರಲ್ಲಿ ವಿವರಿಸಿದನು. ೧೯೧೦ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಆ ರೋಗಕ್ಕೆ ಆಲ್ಜೈಮರನ ಹೆಸರನ್ನೇ ಕೊಟ್ಟನು. ಆದರೆ ಆಕೆ ನಡುವಯಸ್ಸಿನವಳಾಗಿದ್ದುದರಿಂದ ಇದು ಮುದುಕರಲ್ಲದವರಿಗೆ ಬರುವ ಅಪರೂಪದ ರೋಗವೆಂಬ ಭಾವನೆಯೇ ಐವತ್ತು ವರ್ಷಗಳಿಗೂ ಮೇಲ್ಪಟ್ಟು ನಿಂತಿತು. ಮುದುಕರ ಮರೆವನ್ನು ಅಲ್ಲಿಯೂ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ೧೯೫೫ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ರಾತ್ ಮುಪ್ಪಿನ ಮನೋರೋಗಗಳನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸಿದನು. ೧೯೬೮ರಲ್ಲಿ ಆತನೂ ಸಂಗಡಿಗರೂ ಮುದುಕರ ಮೆದುಳಿನಲ್ಲಿಯೂ ಆಲ್ಜೈಮರನು ಕಂಡ ಗುರುತುಗಳಿರುವುದನ್ನೂ, ಮರೆವಿನ ತೀವ್ರತೆಗೂ ಅವುಗಳಿಗೂ ಸಂಬಂಧವಿರುವುದನ್ನೂ ಪ್ರಕಟಿಸಿದರು. ವಯಸ್ಸಿನ ಧರ್ಮವು ರೋಗವಾಗಿ ಮಾರ್ಪಟ್ಟುದು ಹೀಗೆ, ತೀರ ಈಚೆಗೆ.

ಭಾರತದಲ್ಲಿ ೧೯೯೨ರಲ್ಲಿ ಕೇರಳದಲ್ಲಿ ಆರಂಭವಾದ ಆಲ್ಜೈಮರ್ ಮತ್ತು ಸಂಬಂಧಿತ ರೋಗಗಳ ಸಂಘವು ಈ ತಿಳಿವಳಿಕೆಯನ್ನು ಹರಡಿತು. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಅರವತ್ತು ವರ್ಷ ತುಂಬಿದ ಭಾರತೀಯರಲ್ಲಿ ನೂರಕ್ಕೆ ೭.೪ರಷ್ಟು ಮಂದಿ, ಅಂದರೆ ಸುಮಾರು ೮೮ ಲಕ್ಷ ಜನ, ಡಿಮೆನ್ಷಿಯ ಉಳ್ಳವರು. ಗಾದೆಯು ಅರವತ್ತಕ್ಕೆ ಎಲ್ಲರಿಗೂ ಹಂಚಿದ್ದನ್ನು ಎಣಿಕೆಯು ನೂರರಲ್ಲಿ ಏಳೆಂಟು ಮಂದಿಗೆ ಇಳಿಸಿತು. ಮುಪ್ಪೆಂದರೆ ಮರೆವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

೩

ಹಾಗಾದರೆ ಹಿಂದಿನ ಕಾಲದಲ್ಲಿ ಇಂತಹವರು ಎಲ್ಲಿದ್ದರು?

ಮೈಸೂರು ಸಂಸ್ಥಾನದ ಲಿಖಿತ ಆಧಾರಗಳಲ್ಲಿ ಅವರನ್ನು ಹುಡುಕುವುದು ಕಷ್ಟದ ಕೆಲಸ. ಬೆಂಗಳೂರಿನಲ್ಲಿ ಚಿತ್ತವಿಕಲರಿಗಾಗಿ ಆಶ್ರಯಸ್ಥಾನವೊಂದು ೧೮೪೭ರಲ್ಲಿ, ಬ್ರಿಟಿಷ್ ಕಮಿಷನರರ ಆಡಳಿತಕಾಲದಲ್ಲಿ, ಸ್ಥಾಪಿತವಾಯಿತು. ೧೯೨೫ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ೧೯೩೦ರ ದಶಕದಲ್ಲಿ, ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಅದು ಸ್ಥಳಾಂತರಗೊಂಡಿತು. ೧೯೫೪ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೭೪ರ ಡಿಸೆಂಬರಿನಲ್ಲಿ ಎರಡೂ ಕೂಡಿ, ಇಂದು ನಿಮ್ಹಾನ್ಸ್ ಎಂದು ಪ್ರಖ್ಯಾತವಾಗಿರುವ ರಾಷ್ಟ್ರೀಯ ಸಂಸ್ಥೆಯಾದವು. ಆಸ್ಪತ್ರೆಯ ವರದಿಗಳು ಅಲ್ಲಿಗೆ ಬಂದವರನ್ನು ಎಣಿಸುತ್ತವೆ. ಮನೆಯಲ್ಲಿಯೇ ಉಳಿದವರನ್ನು ಎಣಿಸುವುದಿಲ್ಲ. ಜನಗಣತಿಯ ಸ್ಥಿತಿಯೂ ಇಂತಹುದೇ. ೧೮೮೧ರಿಂದ ೧೯೩೧ರವರೆಗಿನ ಗಣತಿಗಳಲ್ಲಿ ಚಿತ್ತವಿಕಲತೆ, ಕಿವುಡು-ಮೂಕತನ, ಕುರುಡು, ಕುಷ್ಠ ಎಂಬ ನಾಲ್ಕು ವೈಕಲ್ಯಗಳಿಗೆ ಕಲಮುಗಳಿದ್ದವು. ಮರೆವಿನ ಮುಪ್ಪಿಗೆಂದು ಬೇರೆ ಕಲಮು ಇರಲಿಲ್ಲ.

ವೃದ್ಧರಿಗಾಗಿಯೇ ಏರ್ಪಟ್ಟ ಸಂಸ್ಥೆಗಳು ಧರ್ಮಕಾರ್ಯದ ದಾರಿಯಿಂದ ಬಂದವು. ಝಾನ್ ಜುಗಾನ್ ಎಂಬ ಫ್ರೆಂಚ್ ಮಹಿಳೆ ೧೮೩೯ರಲ್ಲಿ ಆರಂಭಿಸಿದ ಬಡವರ ಕಿರಿಯ ಸೋದರಿಯರ ಸಂಘವು ೧೮೮೨ರಲ್ಲಿ ಕಲ್ಕತ್ತೆಗೆ ಬಂದಿತು. ೧೯೦೦ದಲ್ಲಿ ಬೆಂಗಳೂರಿನಲ್ಲಿಯೂ ಅದರ ವೃದ್ಧಾಶ್ರಮ ಏರ್ಪಟ್ಟಿತು. ಹನುಮಂತನಗರಕ್ಕೆ ಸಮೀಪದ ವಿಶ್ವೇಶ್ವರಪುರದಲ್ಲಿ ಅಶಕ್ತ ಪೋಷಕ ಸಭೆಯು ದಿಕ್ಕಿಲ್ಲದ ವೃದ್ಧರಿಗೆ ಆಶ್ರಯವಿತ್ತಿದೆ. ಹೆಸರುಗಳೇ ಇವುಗಳ ಉದ್ದೇಶವನ್ನು ಸಾರುತ್ತವೆ. ಬಡವನಾಗಿರುವುದು, ಅಶಕ್ತನಾಗಿರುವುದು, ದಿಕ್ಕಿಲ್ಲದಿರುವುದು, ಇವೇ ಅಲ್ಲಿಗೆ ಪ್ರವೇಶದ ಅರ್ಹತೆಗಳು. ಮಕ್ಕಳುಮರಿಯುಳ್ಳವರು, ಪಿಂಚಣಿಯುಳ್ಳವರು ಅಲ್ಲಿಗೆ ಹೋಗುವುದೆಂದರೆ ಕುಲಕ್ಕೆ ಕಳಂಕವೆಂಬ ಭಾವನೆ ಬೇರೂರಿದ್ದುದು ಇದರಿಂದಲೇ.

ಉಳಿದವರು ಮನೆಯಲ್ಲಿದ್ದರು. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಅವಿಭಕ್ತ ಕುಟುಂಬದ ಹಿರಿಮೆಯನ್ನು ಕೊಂಡಾಡುವವರು, ಹಿಂದೆ ವೃದ್ಧರೆಲ್ಲರೂ ಮಕ್ಕಳ ನಡುವೆ ಗೌರವದಿಂದ ಬಾಳಿದರೆಂದೂ, ಇಂದಿನ ಮಕ್ಕಳು ಕೆಟ್ಟರೆಂದೂ ಹೇಳುವುದುಂಟು. ಅಮೆರಿಕದ ಲಾರೆನ್ಸ್ ಕೋಹನ್ ಎಂಬ ವಿದ್ವಾಂಸನು ಕಾಶಿಯಲ್ಲಿ ಅಧ್ಯಯನ ನಡೆಸಿ ೧೯೯೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾದದ ಬೆನ್ನುಹತ್ತಿದ್ದಾನೆ. ನಮ್ಮಲ್ಲಿ ಮುದುಕರ ಚಿತ್ತಭ್ರಮೆಯ ಮಾತು ಬಂದೊಡನೆ ಅದು ಕೆಟ್ಟ ಕುಟುಂಬದ ಮಾತಾಗಿ ತಿರುಗುವುದನ್ನು ಆತನು ಎತ್ತಿತೋರಿಸಿದನು. ಐತಿಹಾಸಿಕವಾಗಿ ನೋಡಿದರೆ ಎರಡು ಸಂಗತಿಗಳು ಗಮನಾರ್ಹ. ಭಾರತೀಯರ ಸರಾಸರಿ ಆಯುರ್ಮಾನವು ೧೯೪೧-೫೧ರ ದಶಕದಲ್ಲಿ ಕೇವಲ ೩೨ ವರ್ಷಗಳಷ್ಟಿದ್ದಿತು. ಶಿಶುಮರಣವೇ ಇದಕ್ಕೆ ಮುಖ್ಯ ಕಾರಣವಾದುದರಿಂದ ಆಗ ಮುದುಕರೇ ಇರಲಿಲ್ಲವೆಂದು ತಿಳಿಯಬಾರದು. ಆದರೂ ಎಂಬತ್ತನ್ನು ದಾಟಿ, ಮರೆವಿನ ಕಾಯಿಲೆಯಲ್ಲಿ ಎಂಟು ಹತ್ತು ವರ್ಷ ಉಳಿಯುವವರು ವಿರಳವಾಗಿದ್ದರು. ಎರಡನೆಯದಾಗಿ, ಅಂತಹವರ ಸೇವೆಯನ್ನು ಮಾಡಿದವರು ಯಾರು? ಸೊಸೆಯಂದಿರು, ಮದುವೆಯಾಗದೆ ಉಳಿದ ಮಗಳು, ತೌರಿಗೆ ಮರಳಿದ ವಿಧವೆ ಸೋದರತ್ತೆ. ಕುಟುಂಬ ನೋಡಿಕೊಂಡಿತೆಂಬ ವಾಕ್ಯದಲ್ಲಿ ಕರ್ತೃಪದವು ಬಹುಮಟ್ಟಿಗೆ ಒಬ್ಬ ಹೆಂಗಸು. ಆಕೆಯ ಬಾಳಿನ ಗುಣವನ್ನು ಯಾರೂ ಕೇಳಲಿಲ್ಲ. ಇಂದು ಆ ಹೆಂಗಸು ಓದಿ, ಕಚೇರಿಗೆ ಹೋಗುತ್ತಿರುವಳು. ಆಕೆಯ ಬಿಡುಗಡೆಯನ್ನೂ ಆರೈಕೆಯ ಮನೆಯ ಹುಟ್ಟನ್ನೂ ಒಂದೇ ಇತಿಹಾಸದ ಎರಡು ಪ್ರಕರಣಗಳೆಂದು ಓದತಕ್ಕುದು.

೪

ಬಡಾವಣೆಗಳ ಇತಿಹಾಸವೂ ಈ ಬದಲಾವಣೆಗೆ ಸಾಕ್ಷಿ. ೧೮೯೮ರ ಪ್ಲೇಗಿನ ಬಳಿಕ ಪೇಟೆಯ ಜನ ಬಸವನಗುಡಿ ಮಲ್ಲೇಶ್ವರಗಳ ಕಡೆಗೆ ಬಂದುದು ಎಲ್ಲರೂ ಬಲ್ಲ ವಿಷಯ. ೧೯೪೫ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟಿತು. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ದಕ್ಷಿಣ ಭಾಗದ ಈ ಬಡಾವಣೆಗಳಲ್ಲಿ ಸರ್ಕಾರಿ ನೌಕರರು, ಉಪಾಧ್ಯಾಯರು, ಬ್ಯಾಂಕು ಮತ್ತು ಕಾರ್ಖಾನೆಗಳ ಕೆಲಸಗಾರರು ಸಾಲಮಾಡಿ ಮನೆ ಕಟ್ಟಿಸಿಕೊಂಡರು. ಗಂಡಹೆಂಡಿರು, ಮಕ್ಕಳು, ಹೆಚ್ಚೆಂದರೆ ಒಬ್ಬ ಅಜ್ಜಿ, ಇಷ್ಟಕ್ಕೆ ಅಳತೆಮಾಡಿದ ಮನೆಗಳವು. ಹಗಲು ರಾತ್ರಿ ಕಾವಲು ಬೇಕಾದ ಒಬ್ಬ ರೋಗಿಗೆ ಅವುಗಳಲ್ಲಿ ಪ್ರತ್ಯೇಕ ಕೋಣೆಯಿರಲಿಲ್ಲ. ಆ ಮನೆಗಳಲ್ಲಿ ಬೆಳೆದ ಮಕ್ಕಳು ಓದಿ ವಿದೇಶಗಳಿಗೂ ನಗರದ ಹೊರವಲಯದ ಅಪಾರ್ಟ್‌ಮೆಂಟುಗಳಿಗೂ ಹೋದರು. ೨೦೧೧ರ ಗಣತಿಯ ವೇಳೆಗೆ ಭಾರತದ ಜನಸಂಖ್ಯೆಯಲ್ಲಿ ಅರವತ್ತು ತುಂಬಿದವರು ನೂರಕ್ಕೆ ೮.೬ ಆಗಿದ್ದರೆ, ಕರ್ನಾಟಕದಲ್ಲಿ ೯.೫ರಷ್ಟಿದ್ದರು. ಹೀಗೆ ಬರಿದಾದ ಮನೆಗಳಲ್ಲಿ ಕೆಲವೇ ಬಾಡಿಗೆಗೆ ಹೋಗಿ ಆರೈಕೆಯ ಮನೆಗಳಾದವು. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯಲ್ಲಿ ಈಗ ಹದಿನೈದು ಇಪ್ಪತ್ತು ಮಂಚಗಳು. ಮಹಡಿಗೆ ಮೆಟ್ಟಿಲು ಕಡಿದು, ಬಚ್ಚಲಿನ ನೆಲ ನುಣುಪು, ತಿರುಗಾಡಲು ಅಂಗಳವಿಲ್ಲ.

ಪರಿಣತ ಆರೈಕೆಯ ಕಡೆಗೂ ಬೆಂಗಳೂರು ಹೆಜ್ಜೆಯಿಟ್ಟಿತು. ೧೯೯೮ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ೨೦೦೨ರಲ್ಲಿ ನಗರ ಪೊಲೀಸರೊಡನೆ ಸೇರಿ ೧೦೯೦ ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ತೆರೆಯಿತು. ೨೦೧೦ರಲ್ಲಿ ಅದು ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗಾಗಿಯೇ ವಾಸ್ತವ್ಯದ ಕೇಂದ್ರವನ್ನು ಸ್ಥಾಪಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮುಪ್ಪಿನ ಮೆದುಳಿನ ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದೆ. ಜನರ ಕಲ್ಪನೆಯಲ್ಲಿಯೂ ಈ ವಿಷಯ ನೆಲೆಯೂರಿತು. ೨೦೧೬ರಲ್ಲಿ ಬಿಡುಗಡೆಯಾದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಚಲನಚಿತ್ರದಲ್ಲಿ ಅನಂತನಾಗ್ ಅವರು ಅಭಿನಯಿಸಿದ ಪಾತ್ರವು ಆಲ್ಜೈಮರ್ ರೋಗಿಯದು. ಆರೈಕೆ ಕೇಂದ್ರದಲ್ಲಿದ್ದ ತಂದೆ ತಪ್ಪಿಸಿಕೊಂಡಾಗ ಮಗನು ಆತನನ್ನು ಹುಡುಕುತ್ತ ಹೋಗುವುದೇ ಕಥೆ. ಕಳೆದುಹೋದವನ ಪ್ರಕಟಣೆಯ ಒಕ್ಕಣೆಯನ್ನೇ ಚಿತ್ರಕ್ಕೆ ಹೆಸರಾಗಿಟ್ಟುದು ಅರ್ಥವತ್ತಾಗಿದೆ. ಮನುಷ್ಯನನ್ನು ಬಣ್ಣ ಮೈಕಟ್ಟುಗಳಿಂದಲ್ಲದೆ ಬೇರಾವುದರಿಂದ ಗುರುತಿಸಬಲ್ಲೆವೆಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಕಾನೂನಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ೨೦೦೭ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವು ಮುಖ್ಯವಾಗಿ ಮಕ್ಕಳಿಂದ ಜೀವನಾಂಶವನ್ನು ಕೊಡಿಸತಕ್ಕುದು. ಜಿಲ್ಲೆಗೊಂದರಂತೆ ೧೫೦ ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಮಗಳನ್ನು ಸ್ಥಾಪಿಸಬಹುದೆಂದೂ ಅದು ಹೇಳುತ್ತದೆ. ೧೯೧೨ರ ಮತ್ತು ೧೯೮೭ರ ಹಳೆಯ ಕಾನೂನುಗಳ ತರುವಾಯ ಬಂದ ೨೦೧೭ರ ಮಾನಸಿಕ ಆರೋಗ್ಯಪಾಲನೆಯ ಅಧಿನಿಯಮವು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಸ್ಮೃತಿಯ ಮತ್ತು ದೇಶಕಾಲಗಳ ಅರಿವಿನ ತೀವ್ರ ದೋಷವನ್ನೂ ಸೇರಿಸಿದೆ. ರೋಗಿಯನ್ನು ಕಟ್ಟಿಹಾಕುವುದಕ್ಕೆ ಬಿಗಿಯಾದ ಮಿತಿಗಳನ್ನು ವಿಧಿಸಿದೆ. ಮರೆವಿನ ಮುದುಕರಿರುವ ಬಾಡಿಗೆಯ ಮನೆಯು ವೃದ್ಧಾಶ್ರಮವೋ ಮಾನಸಿಕ ಆರೋಗ್ಯಸಂಸ್ಥೆಯೋ ಎಂಬ ಪ್ರಶ್ನೆ ಮಾತ್ರ ಬೀದಿಯಲ್ಲಿ ನಿಂತು ನೋಡುವವನಿಗೆ ಸುಲಭವಾಗಿ ಬಗೆಹರಿಯದು.

೫

ಇನ್ನು ಬಾಳಿನ ಗುಣದ ವಿಚಾರ. ಅರ್ಥಶಾಸ್ತ್ರದಲ್ಲಿ ಹೇಳುವ ಜೀವನಮಟ್ಟ ಬೇರೆ. ಬಾಳಿನ ಗುಣ ಬೇರೆ. ಹಾಸಿಗೆ, ಊಟ, ಔಷಧಗಳು ಮೊದಲನೆಯದಕ್ಕೆ ಸೇರಿದುವು. ಎರಡನೆಯದನ್ನು ತಿಳಿಯಲು ಬಾಳುವವನನ್ನೇ ಕೇಳಬೇಕು.

ಈ ಅರಿವು ಮೂಡಲು ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ಪೀಟರ್ ಟೌನ್‌ಸೆಂಡ್ ೧೭೩ ವೃದ್ಧನಿವಾಸಗಳನ್ನು ಕಣ್ಣಾರೆ ಕಂಡು ೧೯೬೨ರಲ್ಲಿ ಪ್ರಕಟಿಸಿದ ಗ್ರಂಥವು, ಬಡವರನ್ನಿರಿಸುತ್ತಿದ್ದ ಹಳೆಯ ವರ್ಕ್‌ಹೌಸುಗಳ ಕಟ್ಟಡಗಳೊಡನೆ ಅವುಗಳ ರೂಢಿಗಳೂ ಉಳಿದುಬಂದುದನ್ನು ಬಯಲಿಗೆಳೆಯಿತು. ೧೯೬೭ರಲ್ಲಿ ಬಾರ್ಬರಾ ರಾಬ್ ಪ್ರಕಟಿಸಿದ ಪುಸ್ತಕವು, ಮನೋರೋಗದ ಆಸ್ಪತ್ರೆಗಳಲ್ಲಿದ್ದ ಮುದುಕಿಯರಿಂದ ಕನ್ನಡಕ, ಕಟ್ಟುಹಲ್ಲು, ಶ್ರವಣಯಂತ್ರಗಳನ್ನು ತೆಗೆದಿರಿಸುತ್ತಿದ್ದುದನ್ನು ಹೇಳಿತು. ಕಾಣದವನೂ ಕೇಳದವನೂ ಅಗಿಯಲಾರದವನೂ ಆದ ಮನುಷ್ಯನನ್ನು ಬುದ್ಧಿಗೆಟ್ಟವನೆಂದು ನಿರ್ಣಯಿಸುವುದು ಸುಲಭ. ೧೯೯೭ರಲ್ಲಿ ಟಾಮ್ ಕಿಟ್‌ವುಡ್ ರೋಗಕ್ಕಿಂತ ವ್ಯಕ್ತಿ ಮೊದಲೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಆಡಿಸುವುದು, ಗದರಿಸುವುದು, ಎದುರಿಗಿದ್ದಾಗಲೇ ಇಲ್ಲದವರಂತೆ ಮಾತನಾಡುವುದು, ಇಂತಹ ದಿನನಿತ್ಯದ ನಡವಳಿಕೆಗಳು ಮೆದುಳಿನ ಹಾನಿಗೆ ಮತ್ತೊಂದು ಹಾನಿಯನ್ನು ಸೇರಿಸುತ್ತವೆಂದು ಆತನ ವಾದ. ೧೯೯೯ರಲ್ಲಿ ಅಮೆರಿಕದ ಲಾಗ್ಸ್‌ಡನ್ ಮೊದಲಾದವರು ಹದಿಮೂರು ಪ್ರಶ್ನೆಗಳ ಒಂದು ಮಾಪನವನ್ನು ಪ್ರಚಾರಕ್ಕೆ ತಂದರು. ಅದರಲ್ಲಿ ರೋಗಿಯೂ ಉತ್ತರ ಕೊಡುತ್ತಾನೆ, ನೋಡಿಕೊಳ್ಳುವವರೂ ಕೊಡುತ್ತಾರೆ. ಇಂತಹ ಅಧ್ಯಯನಗಳಿಂದ ಎರಡು ಸಂಗತಿಗಳು ಪದೇ ಪದೇ ತಿಳಿದುಬಂದಿವೆ. ರೋಗಿಗಳು ತಮ್ಮ ಬಾಳಿಗೆ ಕೊಡುವ ಬೆಲೆಯು ಇತರರು ಅವರ ಬಾಳಿಗೆ ಕೊಡುವ ಬೆಲೆಗಿಂತ ಸಾಮಾನ್ಯವಾಗಿ ಹೆಚ್ಚು. ಎರಡನೆಯದು, ಬಾಳಿನ ಗುಣವನ್ನು ಕುಗ್ಗಿಸುವುದರಲ್ಲಿ ಮರೆವಿನ ಪ್ರಮಾಣಕ್ಕಿಂತ ಖಿನ್ನತೆಯ ಪಾತ್ರ ದೊಡ್ಡದು. ಇನ್ನೇನಿದೆ ಅವರ ಬಾಳಿನಲ್ಲಿ ಎಂದು ನಾವು ನಿಟ್ಟುಸಿರಿಡುವಾಗ ಆ ನಿಟ್ಟುಸಿರು ನಮ್ಮದು, ಅವರದಲ್ಲ.

ಹನುಮಂತನಗರದ ಅಂತಹ ಒಂದು ಮನೆಗೆ ನಾವು ಕೆಲವು ತಿಂಗಳ ಕಾಲ ವಾರಕ್ಕೊಮ್ಮೆ ಹೋಗಿಬರುವ ಸಂದರ್ಭ ಒದಗಿತ್ತು. ಮನೆಯ ಹೆಸರನ್ನೂ ಅಲ್ಲಿನವರ ಹೆಸರನ್ನೂ ಹೇಳುವುದು ಉಚಿತವಲ್ಲ. ಅಲ್ಲಿ ನಮ್ಮ ಗಮನವನ್ನು ಸೆಳೆದುದು, ನಮ್ಮ ವೃತ್ತಿಗೆ ಸಹಜವಾಗಿ, ದಾಖಲೆ. ಪ್ರತಿಯೊಬ್ಬರಿಗೂ ಒಂದು ನೋಟುಪುಸ್ತಕವಿತ್ತು. ರಕ್ತದೊತ್ತಡ, ಸಕ್ಕರೆ, ಸ್ನಾನ, ಊಟ, ಮಲಮೂತ್ರ, ನಿದ್ರೆ, ಇಷ್ಟು ಕಲಮುಗಳು. ಕಡೆಯಲ್ಲಿ ವಿಶೇಷವೆಂಬ ಒಂದು ಸಣ್ಣ ಅಂಕಣ.

ಒಬ್ಬ ಹಿರಿಯರ ಪುಸ್ತಕದಲ್ಲಿ ಆ ಅಂಕಣವು ದಿನದಿನವೂ ಒಂದೇ ಮಾತನ್ನು ಹೇಳುತ್ತಿತ್ತು: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗಲಾಟೆ, ಗೇಟು ತೆಗೆಯೆಂದು ಹಟ. ನಿದ್ರೆಯ ಮಾತ್ರೆಯನ್ನು ಹೆಚ್ಚಿಸುವ ಮಾತು ನಡೆದಿತ್ತು. ಅವರ ಮಗಳು ಒಂದು ಭಾನುವಾರ ಬಂದಾಗ ನಾವು ಅವರ ಪೂರ್ವವೃತ್ತವನ್ನು ವಿಚಾರಿಸಿದೆವು. ನಗರದ ಬಟ್ಟೆಯ ಗಿರಣಿಯೊಂದರಲ್ಲಿ ಅವರು ಇಪ್ಪತ್ತೆಂಟು ವರ್ಷ ದುಡಿದವರು. ಬಹುಕಾಲ ಮೊದಲನೆಯ ಪಾಳಿ. ನಾಲ್ಕಕ್ಕೆ ಎದ್ದು, ಬುತ್ತಿ ಕಟ್ಟಿಸಿಕೊಂಡು, ಗಿರಣಿಯ ಕೂಗು ಕೇಳುವ ಮುನ್ನ ಬಾಗಿಲು ಸೇರುವುದು ಅವರ ದಿನಚರಿ. ತಡವಾದರೆ ಅರ್ಧ ದಿನದ ಕೂಲಿ ಹೋಯಿತು. ಪುಸ್ತಕವು ಗಲಾಟೆಯೆಂದು ಬರೆದುದು ಒಬ್ಬ ಕೆಲಸಗಾರನ ಕರ್ತವ್ಯನಿಷ್ಠೆ. ಆ ಗಿರಣಿ ಮುಚ್ಚಿ ವರ್ಷಗಳಾದವು. ಅದರ ಕಾಲಮಾನ ಮಾತ್ರ ಒಬ್ಬ ಮನುಷ್ಯನ ಮೈಯಲ್ಲಿ ನಡೆಯುತ್ತಲೇ ಇತ್ತು. ಇದು ತಿಳಿದ ಮೇಲೆ ರಾತ್ರಿಯ ಪಾಳಿಯ ಹುಡುಗನು ನಾಲ್ಕಕ್ಕೆ ಅವರಿಗೆ ಕಾಫಿ ಕೊಟ್ಟು, ಇವತ್ತು ಗಿರಣಿಗೆ ರಜಾ ಎಂದು ಹೇಳುವುದನ್ನು ಕಲಿತನು. ಎಲ್ಲ ದಿನವೂ ಅದು ಫಲಿಸಲಿಲ್ಲ. ಅನೇಕ ದಿನ ಅವರು ಕಾಫಿ ಕುಡಿದು ಮತ್ತೆ ಮಲಗಿದರು. ಮಾತ್ರೆಯನ್ನು ಹೆಚ್ಚಿಸಲಿಲ್ಲ. ಇದು ಸಣ್ಣ ವಿಷಯವಲ್ಲ. ಇಂತಹವರನ್ನು ಶಾಂತಗೊಳಿಸಲು ಕೊಡುವ ಮನೋರೋಗದ ಕೆಲವು ಔಷಧಗಳು ಮರಣದ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೦೫ರಲ್ಲಿಯೇ ಎಚ್ಚರಿಸಿದೆ.

ಇನ್ನೊಬ್ಬ ಅಜ್ಜಿಯ ಪುಸ್ತಕದಲ್ಲಿ ರಾತ್ರಿಯ ಊಟದ ಕಲಮಿನಲ್ಲಿ ನಿರಾಕರಣೆಯೆಂದಿತ್ತು. ಎಲ್ಲರಿಗೂ ಬಡಿಸಿದ ಮೇಲೆ ತಾವು ಉಣ್ಣುವುದು ಅವರ ಆಯುಷ್ಯದ ರೂಢಿಯಾಗಿದ್ದಿತು. ತಮಗೇ ಮೊದಲು ತಟ್ಟೆ ಬಂದರೆ ಅದನ್ನು ದೂರ ಸರಿಸುತ್ತಿದ್ದರು. ಮಾಗಿಯ ಕಾಲದಲ್ಲಿ ಒಂದು ಮೊರ ಅವರೆಕಾಯಿಯನ್ನು ಅವರ ಮುಂದಿಟ್ಟೆವು. ಮಗನ ಹೆಸರನ್ನು ಹೇಳಲಾರದ ಅವರ ಬೆರಳುಗಳು ಕಾಯಿ ಸುಲಿದು, ಕಾಳು ಹಿಸುಕಿ, ಹುಳುಕನ್ನು ಬೇರೆ ಮಾಡಿದವು. ಕೈಗಳ ಕಲಿಕೆಯು ಸಂಗತಿಗಳ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆ ರಾತ್ರಿ ಬೇಳೆಯ ಹುಳಿಯನ್ನು ಅವರ ಕೈಯಿಂದಲೇ ಒಂದೊಂದು ಸೌಟು ಬಡಿಸಿಸಿದರು. ಅನಂತರ ಅವರೂ ಊಟಮಾಡಿದರು. ಪುಸ್ತಕದಲ್ಲಿ ಬರೆದುದು ಊಟ ಪೂರ್ತಿ ಎಂದಷ್ಟೆ.

ಭಾಷೆಯ ಪ್ರಶ್ನೆಯನ್ನು ಇಲ್ಲಿಯೇ ಹೇಳತಕ್ಕುದು. ಈ ಮನೆಗಳಲ್ಲಿ ದುಡಿಯುವವರಲ್ಲಿ ಹಲವರು ದೂರದ ರಾಜ್ಯಗಳಿಂದ ಬಂದ ಯುವಕಯುವತಿಯರು. ಕಡಮೆ ಸಂಬಳಕ್ಕೆ ಹೆಚ್ಚು ಹೊತ್ತು ದುಡಿಯುವ ಅವರ ಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಕಲಿತ ಭಾಷೆಗಳು ಕಳಚಿ ತಾಯ್ನುಡಿಯೊಂದೇ ಉಳಿದ ವೃದ್ಧರಿಗೆ ನೋವು ಎಲ್ಲಿ, ನೀರಡಿಕೆಯೋ ಚಳಿಯೋ ಎಂಬುದನ್ನು ಹೇಳಲು ಆ ನುಡಿಯನ್ನು ಬಲ್ಲವರು ಬೇಕು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ೬೪೮ ರೋಗಿಗಳನ್ನು ಕುರಿತು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆಯು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರುತ್ತದೆ. ಬಹುಭಾಷೆಯ ನಗರವಾದ ಬೆಂಗಳೂರಿಗೆ ಇದು ಸಂತೋಷದ ವಾರ್ತೆ. ಕಾಯಿಲೆ ಬಂದ ಮೇಲೆ ಮಾತ್ರ ಒಂದು ಭಾಷೆಯೂ ಇಲ್ಲದವರಂತೆ ಅವರನ್ನು ಇರಿಸುವುದು ವಿಪರ್ಯಾಸ. ಕನ್ನಡದ ನೂರು ಮಾತುಗಳನ್ನು, ‘ಅಜ್ಜಿ’, ‘ಅವರೇ’, ‘ಬನ್ನಿ’, ‘ಕೂತ್ಕೊಳ್ಳಿ’ ಎಂಬ ಮರ್ಯಾದೆಯ ರೂಪಗಳೊಡನೆ, ದುಡಿಯುವವರಿಗೆ ಕಲಿಸುವುದಕ್ಕೆ ಹೆಚ್ಚಿನ ವೆಚ್ಚವಾಗದು. ಏಕವಚನವೂ ಬಹುವಚನವೂ ಇಲ್ಲಿ ವ್ಯಾಕರಣದ ವಿಷಯವಾಗಿ ಉಳಿಯುವುದಿಲ್ಲ.

ಬೀಗದ ವಿಷಯವೂ ಉಂಟು. ೨೦೦೯ರಲ್ಲಿ ನೆದರ್ಲೆಂಡ್ಸಿನ ವೇಸ್ಪ್ ಎಂಬಲ್ಲಿ ಮರೆವಿನ ರೋಗಿಗಳಿಗಾಗಿ ಬೀದಿ, ಅಂಗಡಿ, ತೋಟಗಳುಳ್ಳ ಒಂದು ಊರನ್ನೇ ಕಟ್ಟಿದರು. ನಮ್ಮಲ್ಲಿ ಅಷ್ಟು ಹಣವಿಲ್ಲ. ಆದರೆ ಊರು ಈಗಾಗಲೇ ಇದೆ. ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿಯವರು ತೊಂಬತ್ತೈದು ವರ್ಷ ತುಂಬಿದ ದಿನವೇ, ೧೯೮೬ರ ಜೂನ್ ೬ರಂದು, ತೀರಿಕೊಂಡರು. ಇಳಿವಯಸ್ಸಿನಲ್ಲಿಯೂ ಅವರು ಸಂಜೆ ಬಸವನಗುಡಿ ಕ್ಲಬ್ಬಿನ ಕಡೆಗೆ ಹೋಗಿಬರುತ್ತಿದ್ದುದನ್ನು ಆ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಅವರಿಗೆ ಮರೆವಿರಲಿಲ್ಲ. ಆದರೂ ದಾರಿಯಲ್ಲಿ ಕಂಡವರೆಲ್ಲ ಗುರುತಿಸಿ ಮಾತನಾಡಿಸುವ ಬೀದಿಯೊಂದು ಮುದುಕನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಈ ನಿದರ್ಶನದಿಂದ ಊಹಿಸಬಹುದು. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ, ಗುಡ್ಡದ ಗುಡಿಯ ಮಂಗಳಾರತಿಗೆ, ಕೈಹಿಡಿದು ನಡೆಸುವವರೊಬ್ಬರಿದ್ದರೆ ಗೇಟಿನ ಬೀಗ ವಾರಕ್ಕೊಮ್ಮೆಯಾದರೂ ತೆರೆದೀತು. ೧೯೫೦ರ ದಶಕದಲ್ಲಿಯೇ ಅಮೃತಸರದ ಡಾ. ವಿದ್ಯಾಸಾಗರರು ಮನೋರೋಗಿಗಳೊಡನೆ ಮನೆಯವರನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಫಲ ಕಂಡರು. ಭಾನುವಾರ ನಾಲ್ಕರಿಂದ ಐದರವರೆಗೆಂಬ ಭೇಟಿಯ ನಿಯಮವು ನಮ್ಮ ದೇಶದ ಈ ಅನುಭವಕ್ಕೇ ವಿರುದ್ಧವಾದುದು.

೬

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಿ ಹೇಳಬಹುದು. ಮರೆವಿನ ಮುಪ್ಪಿಗೆ ಆಶ್ರಯವಿತ್ತ ಸಂಸ್ಥೆಗಳು ನಮ್ಮಲ್ಲಿ ಮೂರು ದಾರಿಗಳಿಂದ ಬಂದವು: ಕಾವಲಿನ ದಾರಿಯಿಂದ ಆಸ್ಪತ್ರೆ, ಧರ್ಮದ ದಾರಿಯಿಂದ ವೃದ್ಧಾಶ್ರಮ, ಬಾಡಿಗೆಯ ದಾರಿಯಿಂದ ಇಂದಿನ ಆರೈಕೆಯ ಮನೆ. ಮೂರರ ಗುರುತುಗಳೂ ಇಂದಿನ ಮನೆಯಲ್ಲಿ ಉಳಿದಿವೆ. ಬೀಗವು ಮೊದಲನೆಯದರಿಂದ ಬಂದುದು; ಇಲ್ಲಿರುವುದೇ ಪುಣ್ಯವೆಂಬ ಮಾತು ಎರಡನೆಯದರಿಂದ; ಮಂಚಗಳ ಲೆಕ್ಕ ಮೂರನೆಯದರಿಂದ. ಹಿಂದಿನ ಮನೆಗೆ ಮರಳುವುದು ಸಾಧ್ಯವಿಲ್ಲ. ಅದು ಹೆಂಗಸೊಬ್ಬಳ ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ ನಿಂತಿದ್ದುದರಿಂದ ಮರಳಬೇಕೆಂದು ಬಯಸುವುದೂ ನ್ಯಾಯವಲ್ಲ. ಇರುವ ಮನೆಗಳನ್ನೇ ಬಾಳತಕ್ಕ ಮನೆಗಳಾಗಿ ಮಾಡುವುದೊಂದೇ ಉಳಿದ ದಾರಿ. ಅದಕ್ಕೆ ಸರ್ಕಾರದ ತಪಾಸಣೆ, ಪರಿಣತ ದಾದಿಯರು, ಸಂಬಳದ ನ್ಯಾಯ ಇವೆಲ್ಲವೂ ಬೇಕು.

ಕಾಲೇಜುಗಳಿಂದ ಆಗಬಹುದಾದ ಕೆಲಸವೊಂದಿದೆ. ಶಾಸನದಲ್ಲಿ ಅಕ್ಷರ ಸವೆದ ಕಡೆ ಅಕ್ಕಪಕ್ಕದ ಸಾಲುಗಳನ್ನು ನೋಡಿ, ಇತರ ಶಾಸನಗಳೊಡನೆ ಹೋಲಿಸಿ, ಪಾಠವನ್ನು ಊಹಿಸುವುದು ನಮ್ಮ ಶಾಸ್ತ್ರದಲ್ಲಿ ನಿತ್ಯದ ಅಭ್ಯಾಸ. ಸವೆದ ಕಲ್ಲನ್ನು ಯಾರೂ ಬರಿಯ ಕಲ್ಲೆಂದು ಎಸೆಯುವುದಿಲ್ಲ. ಅದೇ ತಾಳ್ಮೆಯನ್ನು ಸವೆದ ನೆನಪಿನ ಮನುಷ್ಯರಿಗೂ ತೋರಬಹುದು. ನಮ್ಮ ವಿದ್ಯಾರ್ಥಿಗಳು ಎರಡೆರಡು ಮಂದಿಯಂತೆ ಇಂತಹ ಮನೆಗಳಿಗೆ ಹೋಗಿ, ಮನೆಯವರ ಒಪ್ಪಿಗೆಯಿಂದ, ಬಂಧುಗಳನ್ನೂ ಹಳೆಯ ನೆರೆಯವರನ್ನೂ ವಿಚಾರಿಸಿ, ಪ್ರತಿಯೊಬ್ಬರಿಗೂ ಒಂದೇ ಪುಟದ ಜೀವನವೃತ್ತಾಂತವನ್ನು ಸಿದ್ಧಪಡಿಸಲಿ. ಹುಟ್ಟಿದ ಊರು, ಮಾತು, ಮಾಡಿದ ಕೆಲಸ, ಏಳುವ ಹೊತ್ತು, ಉಣ್ಣುವ ಕ್ರಮ, ಮೆಚ್ಚಿನ ಹಾಡು, ಭಯ, ಕರೆಯಿಸಿಕೊಳ್ಳಲು ಇಷ್ಟಪಡುವ ಹೆಸರು, ಇಷ್ಟು ಸಾಕು. ಅದು ನೋಟುಪುಸ್ತಕದ ಮೊದಲನೆಯ ಪುಟವಾಗಿ, ರಕ್ತದೊತ್ತಡದ ಕಲಮಿಗಿಂತ ಮುಂಚೆ ಇರಲಿ. ಅದರ ಗೋಪ್ಯತೆಯನ್ನು ಕಾಪಾಡತಕ್ಕುದು. ಪ್ರದರ್ಶನಕ್ಕೂ ಪ್ರಕಟಣೆಗೂ ಅದನ್ನು ಬಳಸಕೂಡದು.

ನಮಗೆ ಪರಿಚಿತರಾದ ಆ ಗಿರಣಿಯ ಹಿರಿಯರು ಈಗ ಇಲ್ಲ. ಅವರು ಸತ್ತ ದಿನದ ಪುಟವನ್ನು ನೋಡಿದೆವು. ಬೆಳಗಿನ ಜಾವ ನಾಲ್ಕು ಗಂಟೆಯ ಸಾಲಿನಲ್ಲಿ, ರಾತ್ರಿಯ ಪಾಳಿಯ ಹುಡುಗನು ಆಗತಾನೆ ಕಲಿತ ಕನ್ನಡದ ಅಕ್ಷರಗಳಲ್ಲಿ, ಕಾಫಿ ಕೊಟ್ಟೆ, ಕುಡಿದರು ಎಂದು ಬರೆದಿದ್ದನು. ಬಹುವಚನವನ್ನು ಸರಿಯಾಗಿಯೇ ಬರೆದಿದ್ದನು.